ಅಪ್ಪಯ್ಯ ಕಟ್ಟುವ ಲೀಡರ್

"ದಾರ ಗಟ್ಟಿಯಾಗಿಯೇ ಇರ್ತದೆ, ಆದ್ರೂ ಮೀನು ಕಡಿದುಕೊಂಡು ಹೋಗ್ತದಲ್ಲ ಮಾರಾಯ್ರೆ, ಯಾಕೆ?" ಅಂತ ಇಲ್ಲಿನ ನಮ್ಮ ಕರಾವಳಿ ಗೆಳೆಯರು ಆಗಾಗ ಕೇಳ್ತಾರೆ. ಮುಂಬಯಿಯಲ್ಲಿದ್ದೂ ಭಾನುವಾರ ಗಾಳ ಹಿಡಿದು ಹೊರಡುವ ನಮ್ಮೂರ ಹುಚ್ಚರಿಗೇನು ಕಡಿಮೆಯಿಲ್ಲ. ಅವರಿಗಾಗಿ ಈ ಬರಹ.

ದಾರ ಹೆಚ್ಚಾಗಿ ಕಡಿಯುವುದು ಗಾಳದ ಹತ್ತಿರದ ಎರಡು ಅಡಿಯಲ್ಲಿ. ಕಲ್ಲು, ಕಲ್ಲಿಗಂಟಿದ ಚಿಪ್ಪು, ಮೀನಿನ ಬಾಯಿ ಎಲ್ಲ ತಾಗುವುದು ಅಲ್ಲೇ. ಮನೋರಿ ಖಾಡಿಯಂಥ ಕಡೆ ಸಿಗುವ ಜಿತಾಡಾ ಮೀನಿಗೆ ಕೋರೆಹಲ್ಲಿಲ್ಲ, ಆದರೆ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ. ಅದಕ್ಕೇ ರೀಲಿನಲ್ಲಿ 15 ಪೌಂಡಿನ ತಂಗೂಸು ಇದ್ದರೆ, ತುದಿಗೆ 40 ಪೌಂಡಿನ ದಪ್ಪ ತುಂಡೊಂದನ್ನು ಸೇರಿಸುವುದು. ಅದೇ ಲೀಡರ್. ಕಾಣೆಗೆ ಇಷ್ಟು ದಪ್ಪ ಬೇಡ. ಅದರ ಬಾಯಿ ಸಣ್ಣದು, ದಾರವೂ ಗಾಳವೂ ಸಣ್ಣದೇ ಇರಲಿ.

ಕಟ್ಟುವ ಕ್ರಮ ಸುಲಭ. ರೀಲಿನ ದಾರಕ್ಕೆ ಮೊದಲು ತೂತಿರುವ ಸೀಸದ ಗುಂಡು, ಆಮೇಲೆ ಒಂದು ಮಣಿ, ಕೊನೆಗೆ ಸ್ವಿವೆಲ್. ಸ್ವಿವೆಲ್‌ನ ಆ ಕಡೆ ಒಂದೂವರೆ ಎರಡು ಅಡಿ ಲೀಡರ್, ಅದರ ತುದಿಗೆ ಗಾಳ. ದಾರ ಗುಂಡಿನೊಳಗೆ ಜಾರುವುದರಿಂದ ಸಿಗಡಿ ಕಚ್ಚಿದ ಮೀನಿಗೆ ಭಾರ ಗೊತ್ತಾಗುವುದಿಲ್ಲ. ಗುಂಡು ಬಡಿದು ಗಂಟು ಹಾಳಾಗದಂತೆ ಮಣಿ ಕಾಯುತ್ತೆ. ಗಂಟು ಬಿಗಿಯುವ ಮುಂಚೆ ಉಗುಳಿನಿಂದ ಒದ್ದೆ ಮಾಡಿ. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ಸೋಲುತ್ತೆ.

ಗುಂಡಿನ ತೂಕ ಮಾತ್ರ ಊರಿನ ಲೆಕ್ಕದಲ್ಲಿ ನಡೆಯುವುದಿಲ್ಲ. ನಮ್ಮ ಗಂಗೊಳ್ಳಿಯಲ್ಲಿ ಭರತ ಇಳಿತದ ವ್ಯತ್ಯಾಸ ಸುಮಾರು ಒಂದೂವರೆ ಮೀಟರ್. ಮುಂಬಯಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ 4 ಮೀಟರ್ ದಾಟುತ್ತೆ. ಖಾಡಿಯ ಸೆಳೆತಕ್ಕೆ ಹಗುರ ಗುಂಡು ನಿಲ್ಲುವುದೇ ಇಲ್ಲ. ನೀರು ಏರುವ ವೇಗವೂ ಹಾಗೆಯೇ, ಬಂಡೆಯ ಮೇಲೆ ನಿಲ್ಲುವವರು ಹಿಂದಿನ ದಾರಿ ನೋಡಿಕೊಂಡೇ ನಿಲ್ಲಿ.

ಇದೆಲ್ಲ ನನ್ನ ವಿದ್ಯೆಯಲ್ಲ, ಅಪ್ಪಯ್ಯನದು. ಅಮ್ಮ ಹೋದ ಮೇಲೆ ಊರಿನ ಮನೆಗೆ ಬೀಗ ಹಾಕಿ ಅವರನ್ನು ಮಲಾಡಿಗೆ ಕರೆತಂದೆವು. ಮೊದಲ ನಾಲ್ಕು ತಿಂಗಳು ಬಾಲ್ಕನಿಯ ಕುರ್ಚಿ ಬಿಟ್ಟು ಏಳಲಿಲ್ಲ. ಕೇಳಿದ್ದು ಒಂದೇ, "ಊರಿಗೆ ಯಾವಾಗ ಹೋಪುದ್?" ಉತ್ತರ ನನ್ನಲ್ಲಿರಲಿಲ್ಲ. ಒಂದು ಶನಿವಾರ ರಾತ್ರಿ ಸುಮ್ಮನೆ ನನ್ನ ಹಳೆ ಲೀಡರುಗಳನ್ನು ಅವರ ಮುಂದಿಟ್ಟೆ.

ಅಪ್ಪಯ್ಯನಿಗೆ ಈಗ ಕಣ್ಣು ಮಂಜು. ಆದರೆ ತಂಗೂಸನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆಯುತ್ತಾ ಹೋದರು. ಒಂದು ಕಡೆ ನಿಂತರು. "ಇದ್ ಆತಿಲ್ಲೆ. ಕತ್ರಿ ತಾ ಮಗಾ." ನಾನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೂ ಕಾಣದ ಗೀರು! ಪ್ರತಿ ಮೀನಿನ ನಂತರ ಹೀಗೆ ಸವರಿ ನೋಡಬೇಕು, ಒರಟಾಗಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಬೇಕು. ಕತ್ತರಿಸಿದ ಚೂರು ನೀರಿಗೆ ಎಸೆಯಬೇಡಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತೆ. ಅಪ್ಪಯ್ಯ ಅದಕ್ಕೊಂದು ಡಬ್ಬಿ ಇಟ್ಟಿದ್ದಾರೆ.

ಈಗ ನನ್ನ ಲೀಡರ್ ಮಾತ್ರವಲ್ಲ, ಬಿಲ್ಡಿಂಗಿನ ಇನ್ನೂ ನಾಲ್ಕು ಜನರದ್ದು ಅವರೇ ಕಟ್ಟುವುದು. ಊರಿನ ಪ್ರಶ್ನೆ ನಿಂತಿಲ್ಲ. ಆದರೆ ಶನಿವಾರ ಮಾತ್ರ ಬೇರೆ ಪ್ರಶ್ನೆ, "ನಾಳೆ ಭರತ ಎಷ್ಟೊತ್ತಿಗೆ?"

ನಿಮ್ಮ ಮನೆಯಲ್ಲೂ ಊರಿನಿಂದ ಬಂದ ಹಿರಿಯರಿದ್ದರೆ, ಅವರ ಕೈಗೆ ಗೊತ್ತಿರುವ ಕೆಲಸ ಯಾವುದು ಅಂತ ಒಮ್ಮೆ ಕೇಳಿ ನೋಡಿ.