ಒಂದು ಕೋಣೆಯ ಗದ್ದಲ ಇನ್ನೊಂದು ಕೋಣೆಗೆ ಹರಡದಿರಲಿ

ಸುವರ್ಣ ಮಹೋತ್ಸವ ಸಮಿತಿಯವರು ಸ್ಮರಣ ಸಂಚಿಕೆಗೊಂದು ಲೇಖನವನ್ನು ಬರೆದುಕೊಡಬೇಕೆಂದು ಕೇಳಿದಾಗ, ಶಾಲೆಯ ಇತಿಹಾಸವನ್ನೋ ಅಗಲಿದ ಸಹೋದ್ಯೋಗಿಗಳ ಗುಣಕಥನವನ್ನೋ ನಾನು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ವಿಷಯಗಳನ್ನು ನನಗಿಂತ ಸಮರ್ಥರಾದವರು ಈ ಸಂಚಿಕೆಯಲ್ಲಿಯೇ ಬರೆಯುತ್ತಿರುವುದರಿಂದ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಗಣಕಯಂತ್ರದಲ್ಲಿ ಕಡತಗಳನ್ನು ತೆರೆದು ತೋರಿಸುವ ಕಿಟಕಿಗಳನ್ನು ಉಳಿದ ಕೆಲಸಗಳಿಂದ ಪ್ರತ್ಯೇಕಿಸಿ ನಡೆಸುವುದರ ಪ್ರಯೋಜನವೇ ಆ ವಿಷಯ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಸೀಮೆಸುಣ್ಣ ಹಿಡಿದೇ ವಯಸ್ಸು ಕಳೆದ ಮುದುಕನಿಗೆ ಇದೇಕೆ ಎಂದು ಓದುಗರು ನಗಬಹುದು. ನನ್ನನ್ನು ಇದರ ಬಳಿಗೆ ಎಳೆದು ತಂದದ್ದು ನಮ್ಮ ಶಾಲೆಯ ದಾಖಲಾತಿ ಪುಸ್ತಕ.

ಈ ಪುಸ್ತಕದ ಮಹತ್ತ್ವವನ್ನು ಹೊರಗಿನವರಿಗೆ ತಿಳಿಸಿ ಹೇಳುವುದು ಕಷ್ಟ. ನಮ್ಮ ಮೊದಲ ತಂಡಗಳ ಮಕ್ಕಳಲ್ಲಿ ಅನೇಕರ ಜನನ ಬೇರೆಲ್ಲಿಯೂ ನೋಂದಣಿಯಾಗಿರಲಿಲ್ಲ. ಇಂದಿಗೂ ಪಿಂಚಣಿಗಾಗಿ, ಪಾಸ್‌ಪೋರ್ಟಿಗಾಗಿ ಜನ್ಮದಿನಾಂಕದ ಪುರಾವೆ ಬೇಕಾದಾಗ ಅವರು ಬರುವುದು ಶಾಲೆಯ ಕಛೇರಿಗೆ. ಹುಟ್ಟಿದ ದಿನ, ತಂದೆಯ ಹೆಸರು, ಮನೆಯ ಹೆಸರು, ಮಾತೃಭಾಷೆ ಕನ್ನಡವೆಂಬ ಒಂದು ಶಬ್ದ – ಇಷ್ಟೂ ಇರುವುದು ಆ ಪುಸ್ತಕದ ಒಂದೇ ಸಾಲಿನಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಭಾಷಾ ಅಲ್ಪಸಂಖ್ಯಾತರಾದ ನಮ್ಮ ಪಾಲಿಗೆ ಆ ಒಂದು ಶಬ್ದದ ಬೆಲೆ ಏನೆಂದು ಈ ಊರಿನವರಿಗೆ ಹೇಳಬೇಕಾಗಿಲ್ಲ. ಆದರೆ ನಮ್ಮ ಊರಿನ ಮಳೆ, ತೇವ, ಗೆದ್ದಲುಗಳು ಕಾಗದದ ಬೆಲೆಯನ್ನು ತಿಳಿಯವು. ಮೊದಲ ಪುಸ್ತಕದ ಹಾಳೆಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಿದ್ದವು. ಆದುದರಿಂದ ಮಹೋತ್ಸವದ ಅಂಗವಾಗಿ ಐವತ್ತು ವರ್ಷಗಳ ದಾಖಲಾತಿಯನ್ನೂ ಗಣಕಯಂತ್ರಕ್ಕೆ ಏರಿಸುವುದೆಂದು ತೀರ್ಮಾನವಾಯಿತು. ಹಳೆಯ ಕೈಬರಹಗಳನ್ನು ಓದಬಲ್ಲವನೆಂಬ ಕಾರಣಕ್ಕೆ ನನ್ನನ್ನು ಕರೆದರು. ನಾನು ಓದಿ ಹೇಳುವುದು, ಯುವ ಅಧ್ಯಾಪಿಕೆಯೊಬ್ಬರು ಟೈಪ್ ಮಾಡುವುದು. ಹೀಗೆ ಕೆಲಸ ನಡೆಯಿತು.

ಒಂದು ಸಂಜೆ ಸುಮಾರು ನೂರು ಹೆಸರುಗಳಷ್ಟು ಕೆಲಸವಾಗಿತ್ತು. ಅಷ್ಟರಲ್ಲಿ ಹಳೆಯ ವಾರ್ಷಿಕೋತ್ಸವದ ಚಿತ್ರಗಳಿದ್ದ ಸಿ.ಡಿ.ಯೊಂದನ್ನು ಯಾರೋ ತಂದುಕೊಟ್ಟರು. ಗೀರು ಬಿದ್ದು ಮಸುಕಾಗಿದ್ದ ಆ ತಟ್ಟೆಯನ್ನು ಯಂತ್ರಕ್ಕೆ ಹಾಕಿ, ಅದರಲ್ಲಿದ್ದ ಫೋಲ್ಡರನ್ನು ತೆರೆಯುತ್ತಲೇ ಪರದೆ ಸ್ತಬ್ಧವಾಯಿತು. ಫೋಲ್ಡರಿನ ಕಿಟಕಿ ಬಿಳಿಚಿತು. ಕೆಳಗಿನ ಪಟ್ಟಿ ಒತ್ತಿದರೆ ಓಗೊಡದು. ಮೇಜುತೆರೆಯ ಮೇಲಿನ ಚಿತ್ರಗಳೂ ಹಾಗೆಯೇ. ಅಧ್ಯಾಪಿಕೆಯವರ ಕಣ್ಣಲ್ಲಿ ನೀರು ತುಂಬಿತು. ಯಂತ್ರವನ್ನು ಆರಿಸಿ ಪುನಃ ಹಚ್ಚುವುದೊಂದೇ ದಾರಿಯೆಂದು ಅವರು ಸ್ವಿಚ್ಚಿಗೆ ಕೈ ಚಾಚಿದರು. ಅದಕ್ಕೆ ಮುಂಚೆ ಒಮ್ಮೆ ಕೇಳಿ ನೋಡೋಣವೆಂದು, ಗಣಕಯಂತ್ರ ದುರಸ್ತಿಯನ್ನೇ ವೃತ್ತಿಯನ್ನಾಗಿ ಮಾಡಿಕೊಂಡಿರುವ ನಮ್ಮದೇ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದೆ.

"ಮಾಷ್ಟ್ರೇ, ಸ್ವಿಚ್ ಆಫ್ ಮಾಡ್ಲಿಕ್ಕೆ ಹೋಗಬೇಡಿ. ಟೈಪ್ ಮಾಡಿದ್ದು ಎಲ್ಲಿಗೂ ಹೋಗ್ಲಿಲ್ಲ. ಅದು ಬೇರೆ ಕೋಣೆಯಲ್ಲಿ ಉಂಟು. ಗಲಾಟೆ ಆದದ್ದು ಈಚೆ ಕೋಣೆಯಲ್ಲಿ ಮಾತ್ರ" ಎಂದ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿಸಿದ. ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿ ತೆರೆಯಿತು. ಅದರಲ್ಲಿ ಫೋಲ್ಡರ್ ತೋರಿಸುವ ತಂತ್ರಾಂಶದ ಹೆಸರನ್ನು ಆರಿಸಿ, ಅದೊಂದನ್ನೇ ಪುನಃ ಆರಂಭಿಸಲು ಹೇಳಿದ. ಪರದೆ ಕ್ಷಣಕಾಲ ಬರಿದಾಗಿ, ಮತ್ತೆ ಎಲ್ಲವೂ ಕಾಣಿಸಿಕೊಂಡಿತು. ಟೈಪ್ ಮಾಡಿದ ನೂರು ಹೆಸರುಗಳೂ ಒಂದಕ್ಷರ ಅಳಿಯದೆ ಇದ್ದವು. ಮರುದಿನ ಅವನೇ ಬಂದು, ಯಂತ್ರದಲ್ಲಿ ಒಂದು ಸಣ್ಣ ಚೌಕದೊಳಗೆ ಗುರುತು ಹಾಕಿ, "ಇನ್ನು ಇಷ್ಟು ತೊಂದರೆಯೂ ಬಾರದು" ಎಂದ. ಆ ಗುರುತಿನ ಅರ್ಥವೇನೆಂದು ಕೇಳಿದೆ. ಅಂದು ನಾನು ಶಿಷ್ಯ, ಅವನು ಗುರು. ಅವನಿಂದ ಕೇಳಿ, ಬಳಿಕ ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿರೂಪಿಸುತ್ತೇನೆ.

ನಮ್ಮ ಶಾಲೆಯ ಮೊದಲ ದಿನಗಳನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಅಂದು ಇದ್ದದ್ದು ಮುಳಿಹುಲ್ಲಿನ ಮಾಡಿನ ಒಂದೇ ಉದ್ದದ ಹಜಾರ. ನಾಲ್ಕು ತರಗತಿಗಳು ಅದರಲ್ಲೇ ನಡೆಯುತ್ತಿದ್ದವು. ನಡುವೆ ಗೋಡೆಯಿಲ್ಲ, ತಟ್ಟಿಯೂ ಇಲ್ಲ. ಒಂದು ಮಳೆಗಾಲದಲ್ಲಿ ಮಾಡಿನಿಂದ ಹಾವೊಂದು ಮೂರನೆಯ ತರಗತಿಯ ಮಕ್ಕಳ ನಡುವೆ ಬಿತ್ತು. ಓಡಿದ್ದು ಮೂರನೆಯ ತರಗತಿ ಮಾತ್ರವಲ್ಲ. ನಾಲ್ಕು ತರಗತಿಗಳೂ ಅಂಗಳದಲ್ಲಿದ್ದವು. ಲೆಕ್ಕ, ಪದ್ಯ, ಉಕ್ತಲೇಖನ ಎಲ್ಲವೂ ಅಲ್ಲಿಗೇ ನಿಂತವು. ಮುಂದೆ ಊರವರ ಶ್ರಮದಾನದಿಂದ ಮುರಕಲ್ಲಿನ ಗೋಡೆಗಳೆದ್ದು ಕೋಣೆಗಳಾದವು. ಆಮೇಲೂ ಹಾವು ಬಂದದ್ದುಂಟು. ಆದರೆ ಒಂದು ಕೋಣೆಯ ಮಕ್ಕಳು ಹೊರಗೆ ಬಂದರೆ, ಪಕ್ಕದ ಕೋಣೆಯಲ್ಲಿ ಮಗ್ಗಿ ಹೇಳುವುದು ನಿಲ್ಲುತ್ತಿರಲಿಲ್ಲ.

ಗಣಕಯಂತ್ರದಲ್ಲಿ ಪ್ರಕ್ರಿಯೆ, ಅಂದರೆ ಪ್ರೋಸೆಸ್ ಎಂಬುದು ಇಂತಹ ಗೋಡೆಯಿರುವ ಒಂದು ಕೋಣೆ. ಕೆಲಸಕ್ಕೆ ತೊಡಗಿದ ತಂತ್ರಾಂಶಕ್ಕೆ ಯಂತ್ರದ ಆಡಳಿತ ವ್ಯವಸ್ಥೆಯು ಸ್ಮೃತಿಕೋಶದಲ್ಲಿ ಅದಕ್ಕೆಂದೇ ಒಂದು ಭಾಗವನ್ನು ಕೊಡುತ್ತದೆ. ಅಲ್ಲಿರುವುದನ್ನು ಇನ್ನೊಂದು ಪ್ರಕ್ರಿಯೆಯು ಅನುಮತಿಯಿಲ್ಲದೆ ಮುಟ್ಟಲಾರದು. ಒಂದು ಪ್ರಕ್ರಿಯೆ ಕುಸಿದರೆ ಅದರ ಭಾಗವನ್ನಷ್ಟೇ ತೆರವುಗೊಳಿಸಿದರೆ ಸಾಕು. ಒಂದೇ ಪ್ರಕ್ರಿಯೆಯೊಳಗೆ ಹಲವು ಕೆಲಸಗಳು ಜೊತೆಜೊತೆಯಾಗಿ ನಡೆಯುವುದೂ ಉಂಟು. ಆದರೆ ಅವು ಒಂದೇ ಹಜಾರದಲ್ಲಿ ಕುಳಿತ ತರಗತಿಗಳಂತೆ. ಒಂದರ ನಡುವೆ ಹಾವು ಬಿದ್ದರೆ ಎಲ್ಲವೂ ಚದರುತ್ತವೆ.

1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾದಾಗ ಅದರೊಂದಿಗೆ ಬಂದ ಎಕ್ಸ್‌ಪ್ಲೋರರ್ ಎಂಬ ತಂತ್ರಾಂಶವು ಎರಡು ಬಗೆಯ ಕೆಲಸಗಳನ್ನು ವಹಿಸಿಕೊಂಡಿತು. ಮೇಜುತೆರೆ, ಕೆಳಗಿನ ಕಾರ್ಯಪಟ್ಟಿ, ಸ್ಟಾರ್ಟ್ ಗುಂಡಿ ಇವುಗಳನ್ನು ತೋರಿಸುವುದು ಒಂದು. ಫೋಲ್ಡರುಗಳನ್ನು ತೆರೆದು ಕಡತಗಳನ್ನು ತೋರಿಸುವುದು ಇನ್ನೊಂದು. 2012ರ ವಿಂಡೋಸ್ 8ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ಎಂಬ ಹೆಸರು ಬಂದರೂ ಈ ಏರ್ಪಾಡು ಬದಲಾಗಲಿಲ್ಲ. ನಾವಾಗಿ ಬದಲಾಯಿಸದಿದ್ದರೆ ಎರಡೂ ಕೆಲಸಗಳು ಒಂದೇ ಪ್ರಕ್ರಿಯೆಯಲ್ಲಿ ನಡೆಯುತ್ತವೆ. ಮುಖ್ಯೋಪಾಧ್ಯಾಯನು ಹಾಜರಿ, ಪತ್ರವ್ಯವಹಾರ, ಗಂಟೆ ಬಾರಿಸುವುದು ಎಲ್ಲವನ್ನೂ ತಾನೇ ಮಾಡುತ್ತ, ಒಂದು ತರಗತಿಗೂ ಪಾಠ ಹೇಳಿದಂತೆ. ಆ ತರಗತಿಯಲ್ಲಿ ಅವನು ಸಿಕ್ಕಿಬಿದ್ದರೆ ಶಾಲೆಯ ಗಂಟೆಯೂ ಬಾರಿಸದು.

ಫೋಲ್ಡರಿನ ಕಿಟಕಿಯೇ ಹೀಗೆ ಸಿಕ್ಕಿಬೀಳುವುದಕ್ಕೆ ಕಾರಣಗಳಿವೆ. ಕೆಟ್ಟ ತಟ್ಟೆಯನ್ನೋ ಪೆನ್‌ಡ್ರೈವನ್ನೋ ಓದಲು ಯಂತ್ರವು ಮತ್ತೆ ಮತ್ತೆ ಯತ್ನಿಸುವಾಗ ಕಿಟಕಿ ಕಾಯುತ್ತಲೇ ಇರುತ್ತದೆ. ದೂರದ ಯಂತ್ರದೊಡನೆ ಸಂಪರ್ಕ ಕಡಿದಾಗಲೂ ಹಾಗೆಯೇ. ಇದಲ್ಲದೆ ನಾವು ಹೊರಗಿನಿಂದ ತಂದು ಸೇರಿಸುವ ಅನೇಕ ತಂತ್ರಾಂಶಗಳು, ಬಲಗುಂಡಿ ಒತ್ತಿದಾಗ ಕಾಣುವ ಪಟ್ಟಿಯಲ್ಲಿ ತಮ್ಮದೊಂದು ಸಾಲನ್ನು ಸೇರಿಸುವುದಕ್ಕಾಗಿ ತಮ್ಮ ತುಣುಕೊಂದನ್ನು ಎಕ್ಸ್‌ಪ್ಲೋರರಿನ ಒಳಕ್ಕೇ ಇಳಿಸುತ್ತವೆ. ಆ ತುಣುಕಿನಲ್ಲಿ ದೋಷವಿದ್ದರೆ ಕುಸಿಯುವುದು ಅದಕ್ಕೆ ಜಾಗ ಕೊಟ್ಟ ಮನೆ.

ನನ್ನ ಶಿಷ್ಯನು ಹಾಕಿದ ಗುರುತು ಇದಕ್ಕೆ ಪರಿಹಾರ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್ ಆಪ್ಶನ್ಸ್ ಎಂಬುದನ್ನು ತೆರೆಯಬೇಕು. ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು ಫೋಲ್ಡರ್ ಆಪ್ಶನ್ಸ್. ಅದರಲ್ಲಿ ವ್ಯೂ ಎಂಬ ಪುಟಕ್ಕೆ ಹೋದರೆ 'ಲಾಂಚ್ ಫೋಲ್ಡರ್ ವಿಂಡೋಸ್ ಇನ್ ಎ ಸೆಪರೇಟ್ ಪ್ರೋಸೆಸ್' ಎಂಬ ಸಾಲು ಸಿಗುತ್ತದೆ. ಅದರ ಎದುರಿನ ಚೌಕದಲ್ಲಿ ಗುರುತು ಹಾಕಿದರೆ, ಫೋಲ್ಡರುಗಳನ್ನು ತೋರಿಸುವ ಕೆಲಸವು ಮೇಜುತೆರೆ ಮತ್ತು ಕಾರ್ಯಪಟ್ಟಿಗಳಿಂದ ಬೇರೆಯಾದ ಪ್ರಕ್ರಿಯೆಯಲ್ಲಿ ನಡೆಯುತ್ತದೆ. ಆ ಬಳಿಕ ಗೀರು ಬಿದ್ದ ತಟ್ಟೆಯಿಂದ ಫೋಲ್ಡರಿನ ಕಿಟಕಿ ಸ್ತಬ್ಧವಾದರೂ ಕಾರ್ಯಪಟ್ಟಿ ನಮ್ಮ ಕೈಯಲ್ಲಿರುತ್ತದೆ; ಟೈಪ್ ಮಾಡುತ್ತಿದ್ದ ಪುಟಕ್ಕೆ ಹೋಗಿ, ಅದನ್ನು ಉಳಿಸಿ, ಕೆಟ್ಟ ಕಿಟಕಿಯನ್ನು ನಿಧಾನವಾಗಿ ಮುಚ್ಚಬಹುದು.

ಗೋಡೆ ಕಟ್ಟುವ ಈ ವಿಚಾರ ಗಣಕಯಂತ್ರದ ಲೋಕದಲ್ಲಿ ಹಂತಹಂತವಾಗಿ ಬೆಳೆದು ಬಂದಿದೆ. ವಿಂಡೋಸ್ 95ರಲ್ಲಿ ಗೋಡೆಗಳಿದ್ದರೂ ಅವು ಪೂರ್ಣವಾಗಿರಲಿಲ್ಲ. ಹಳೆಯ ಹದಿನಾರು ಬಿಟ್ಟಿನ ತಂತ್ರಾಂಶಗಳೆಲ್ಲ ಒಂದೇ ಜಾಗವನ್ನು ಹಂಚಿಕೊಳ್ಳುತ್ತಿದ್ದವು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಕಥೆಯನ್ನು ಇಲ್ಲಿ ನೆನೆಯಬಹುದು. ಅದರ ತಳದಲ್ಲಿ ಹದಿನಾರು ವಿಭಾಗಗಳಿದ್ದವು. ಆದರೆ ನಡುವಿನ ಗೋಡೆಗಳು ಸಾಕಷ್ಟು ಎತ್ತರಕ್ಕೆ ಏರಿರಲಿಲ್ಲ. ಒಂದು ತುಂಬಿದ ನೀರು ಮೇಲಿನಿಂದ ಮುಂದಿನದಕ್ಕೆ ಹರಿಯಿತು. ಗಟ್ಟಿಯಾದ ಗೋಡೆಗಳಿದ್ದ ವಿಂಡೋಸ್ ಎನ್.ಟಿ. 1993ರಲ್ಲಿಯೇ ಬಂದಿತ್ತಾದರೂ, ಅದರ ತಳಹದಿ ಜನಸಾಮಾನ್ಯರ ಮನೆಗೆ ತಲಪಿದ್ದು 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ. 2008ರಲ್ಲಿ ಬಂದ ಕ್ರೋಮ್ ಎಂಬ ಜಾಲವೀಕ್ಷಕವು ತೆರೆದ ಪುಟಗಳನ್ನು ಬೇರೆಬೇರೆ ಪ್ರಕ್ರಿಯೆಗಳಲ್ಲಿ ನಡೆಸಿತು. ನಮ್ಮ ಕೇರಳದ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಮಕ್ಕಳು ಬಳಸುತ್ತ ಬಂದ ಲಿನಕ್ಸ್ ವ್ಯವಸ್ಥೆಯಲ್ಲಿಯೂ ಇದೇ ಕಥೆ. ಅದರ ಗ್ನೋಮ್ ಎಂಬ ಹೊದಿಕೆಯಲ್ಲಿ ನಾಟಿಲಸ್ ಎಂಬ ಕಡತ ತಂತ್ರಾಂಶವೇ ಮೇಜುತೆರೆಯ ಚಿತ್ರಗಳನ್ನೂ ನೋಡಿಕೊಳ್ಳುತ್ತಿತ್ತು; 2018ರಲ್ಲಿ ಆ ಹೊಣೆಯನ್ನು ಅದರಿಂದ ತೆಗೆದುಹಾಕಲಾಯಿತು.

ಇಷ್ಟು ಒಳ್ಳೆಯದಾದರೆ ಮೊದಲೇ ಹಾಗೇಕೆ ಮಾಡಲಿಲ್ಲವೆಂಬ ಪ್ರಶ್ನೆ ಸಹಜ. ಗೋಡೆಗೆ ಖರ್ಚುಂಟು. ಪ್ರತ್ಯೇಕ ಪ್ರಕ್ರಿಯೆಗೆ ಸ್ಮೃತಿಕೋಶ ಹೆಚ್ಚು ಬೇಕು. ಕಿಟಕಿ ತೆರೆಯಲು ತುಸು ಹೆಚ್ಚು ಸಮಯವೂ ಬೇಕು. ಹಳೆಯ ಬಡ ಯಂತ್ರಗಳಿಗೆ ಇದು ಹೊರೆಯಾಗುತ್ತಿತ್ತು. ನಮ್ಮ ಗದ್ದೆಗಳ ಕಟ್ಟಹುಣಿಯನ್ನು ನೋಡಿ. ಹುಣಿ ಇರುವಷ್ಟು ಜಾಗದಲ್ಲಿ ಬತ್ತ ಬೆಳೆಯುವುದಿಲ್ಲ. ಹಾಗೆಂದು ಯಾವ ಬೇಸಾಯಗಾರನೂ ಹುಣಿಗಳನ್ನು ಕಡಿದು ಬಯಲನ್ನೆಲ್ಲ ಒಂದೇ ಗದ್ದೆ ಮಾಡಲಾರ. ಒಂದು ಕಡೆ ನೀರು ಕಡಿದರೆ ಬಯಲಿನ ಪೈರೆಲ್ಲ ಕೊಚ್ಚಿಹೋದೀತೆಂದು ಅವನಿಗೆ ಗೊತ್ತು.

ಈ ಗುರುತಿನಿಂದ ಎಲ್ಲ ವಿಘ್ನಗಳೂ ಪರಿಹಾರವಾದವೆಂದು ಯಾರೂ ತಿಳಿಯಬಾರದು. ವಿದ್ಯುತ್ತು ಹೋದರೆ ಯಾವ ಗೋಡೆಯೂ ಕಾಪಾಡದು. ಯಂತ್ರದ ಆಡಳಿತ ವ್ಯವಸ್ಥೆಯ ತಿರುಳಿನಲ್ಲಿಯೇ ದೋಷ ಹುಟ್ಟಿದರೆ ಎಲ್ಲ ಕೋಣೆಗಳೂ ಒಟ್ಟಿಗೆ ಮುಚ್ಚುತ್ತವೆ. ಹಾರ್ಡ್ ಡಿಸ್ಕೇ ಕೆಟ್ಟರೆ ಮಾಡು ಕುಸಿದಂತೆ. ಆದುದರಿಂದ ಆ ಪ್ರಸಂಗದ ಬಳಿಕ ಇನ್ನೆರಡು ನಿಯಮಗಳನ್ನು ಮಾಡಿಕೊಂಡೆವು. ಹತ್ತು ಹೆಸರುಗಳಿಗೊಮ್ಮೆ ಪುಟವನ್ನು ಉಳಿಸುವುದು ಮೊದಲನೆಯದು. ದಿನದ ಕೊನೆಗೆ ಕೆಲಸದ ಪ್ರತಿಗಳನ್ನು ಬೇರೆಬೇರೆ ಸ್ಥಳಗಳಲ್ಲಿ ಇಡುವುದು ಎರಡನೆಯದು: ಒಂದು ಕಛೇರಿಯಲ್ಲಿ, ಇನ್ನೊಂದು ವ್ಯವಸ್ಥಾಪಕರ ಮನೆಯಲ್ಲಿ. ಇದೂ ಗೋಡೆಯೇ, ಯಂತ್ರದ ಹೊರಗಿನ ಗೋಡೆ.

ಸಂಸ್ಥೆಯನ್ನು ನಡೆಸುವವರಿಗೂ ಇದರಲ್ಲಿ ಕಲಿಯಲು ಇದೆ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಎಷ್ಟೋ ವೇಳೆ ಎಲ್ಲ ಹೊಣೆಯೂ ಒಬ್ಬರ ಹೆಗಲ ಮೇಲೆ ಇರುತ್ತದೆ. ಜೂನ್ ತಿಂಗಳಲ್ಲಿ ಆರನೆಯ ಕೆಲಸದ ದಿನದ ಮಕ್ಕಳ ಲೆಕ್ಕದ ಮೇಲೆಯೇ ಅಧ್ಯಾಪಕ ಹುದ್ದೆಗಳು ನಿಲ್ಲುವ ನಮ್ಮಲ್ಲಿ, ಮನೆಮನೆ ಹತ್ತಿ ಮಕ್ಕಳನ್ನು ಕರೆತರುವುದು, ಬಿಸಿಯೂಟದ ಲೆಕ್ಕ, ದಾಖಲೆಗಳ ರಕ್ಷಣೆ ಎಲ್ಲವನ್ನೂ ಒಬ್ಬರೇ ಮಾಡುತ್ತಿದ್ದರೆ, ಅವರು ಹಾಸಿಗೆ ಹಿಡಿದ ದಿನ ಶಾಲೆಯೂ ಹಾಸಿಗೆ ಹಿಡಿಯುತ್ತದೆ. ಹೊಣೆಗಳನ್ನು ಹಂಚಿಟ್ಟರೆ ಖರ್ಚು ಹೆಚ್ಚು, ಮಾತುಕತೆ ಹೆಚ್ಚು, ಕೆಲವೊಮ್ಮೆ ವಿಳಂಬವೂ ಹೆಚ್ಚು. ಆದರೆ ಒಂದು ಕಡೆ ಕುಂದು ಬಂದಾಗ ಉಳಿದದ್ದು ನಡೆಯುತ್ತದೆ.

ದಾಖಲಾತಿಯ ಕೆಲಸ ಈಗ ಪೂರ್ಣಗೊಂಡಿದೆ. ಹಳೆಯ ವಿದ್ಯಾರ್ಥಿಗಳು ತಮ್ಮ ಹೆಸರು, ಮನೆಹೆಸರು, ದಿನಾಂಕಗಳಲ್ಲಿ ತಪ್ಪಿದ್ದರೆ ಕಛೇರಿಗೆ ತಿಳಿಸಬೇಕೆಂದು ವಿನಂತಿ. ಮನೆಯಲ್ಲೋ ಅಂಗಡಿಯಲ್ಲೋ ಗಣಕಯಂತ್ರವುಳ್ಳವರು ಆ ಸಣ್ಣ ಚೌಕವನ್ನು ಒಮ್ಮೆ ನೋಡಿಕೊಳ್ಳಲಿ. ಕನ್ನಡದಲ್ಲಿ ಅಕ್ಷರ ಕಲಿತ ಮಕ್ಕಳೇ ಮರಳಿ ಬಂದು ತಮ್ಮ ಶಾಲೆಯ ಅಕ್ಷರಗಳನ್ನು ಕಾಪಾಡುತ್ತಿರುವಾಗ ಈ ಸಂಸ್ಥೆಯು ಶತಮಾನೋತ್ಸವವನ್ನೂ ಕಾಣುವುದರಲ್ಲಿ ನನಗೆ ಸಂದೇಹವಿಲ್ಲ.