ದ್ರಾಕ್ಷಿಯ ನಾಡಿನಿಂದ ಬಂದ ಮದ್ದು

ಬದಿಯಡ್ಕದ ಆಸುಪಾಸಿನ ಅಡಿಕೆ ಕೃಷಿಕರಾದ ನಮಗೆ ಬಳ್ಳಿಯೆಂದರೆ ಕರಿಮೆಣಸು, ಇಲ್ಲವೇ ವೀಳ್ಯದೆಲೆ. ದ್ರಾಕ್ಷಿಯನ್ನು ನಾವು ಪೇಟೆಯ ಅಂಗಡಿಗಳಲ್ಲಿ ಕಂಡವರೇ ಹೊರತು ಬೆಳೆದವರಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನೆಲ ಆ ಬಳ್ಳಿಗೆ ಹೇಳಿದ್ದಲ್ಲ. ಆದರೂ ನಮ್ಮ ತೋಟಗಳ ಮೇಲೆ ದ್ರಾಕ್ಷಿ ಬೆಳೆಗಾರರ ಋಣವೊಂದಿದೆ. ಸಾಹಿತ್ಯದ ಹೆಸರಿನಲ್ಲಿ ಸೇರಿರುವ ಈ ಹೊತ್ತಿನಲ್ಲಿ ಅದನ್ನು ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ವೈನ್ ದ್ರಾಕ್ಷಿಯ ತಂಪು ಸೀಮೆಗಳಲ್ಲಿ ಸ್ವಿಟ್ಜರ್ಲೆಂಡಿನ ಲಾವೋ ಹೆಸರಾದುದು. ಜಿನೀವಾ ಸರೋವರದ ಉತ್ತರ ದಂಡೆಯ ಕಡಿದಾದ ಇಳಿಜಾರಿನಲ್ಲಿ ಕಲ್ಲಿನ ಕಟ್ಟೆಗಳನ್ನು ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಬೆಳೆಸಿದ್ದಾರೆ. 2007ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತಮ್ಮ ಬಳ್ಳಿಗಳಿಗೆ ಮೂವರು ಸೂರ್ಯರೆಂದು ಅಲ್ಲಿಯವರು ಹೇಳುವುದುಂಟು: ಆಕಾಶದಲ್ಲಿರುವವನು ಒಬ್ಬ, ನೀರಿನಿಂದ ಪ್ರತಿಫಲಿಸುವವನು ಇನ್ನೊಬ್ಬ, ಹಗಲಿನ ಬಿಸಿಯನ್ನು ಇರುಳಿಗೆ ಉಳಿಸುವ ಕಲ್ಲುಗೋಡೆ ಮೂರನೆಯವನು. ಬೇಸಗೆಯ ಶಾಖವನ್ನು ಕೂಡಿಟ್ಟುಕೊಳ್ಳುವ ಆಳವಾದ ಸರೋವರವು ಚಳಿಯ ಕಾಠಿಣ್ಯವನ್ನು ತಗ್ಗಿಸುತ್ತದೆ. ಗುಡ್ಡವನ್ನು ಕಡಿದು, ತಟ್ಟು ಮಾಡಿ, ಕಲ್ಲು ಕಟ್ಟಿ ಅಡಿಕೆ ನೆಟ್ಟ ಹಿರಿಯರ ಮಕ್ಕಳಾದ ನಮಗೆ ಆ ಗೋಡೆಗಳ ಹಿಂದಿನ ದುಡಿಮೆಯನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ದ್ರಾಕ್ಷಿ ತೋಟಗಳಿಗೆ ಹೊಸ ರೋಗವೊಂದು ಬಂತು. ಅಮೆರಿಕದಿಂದ ತರಿಸಿದ ಬಳ್ಳಿಗಳೊಡನೆ ಬಂದ ಅದು ಎಲೆಯ ಅಡಿಯಲ್ಲಿ ಬಿಳಿಯ ಬೂಜಾಗಿ ಹರಡಿ, ಕಾಯನ್ನೂ ಎಲೆಯನ್ನೂ ಕೆಡಿಸಿತು. ಫ್ರಾನ್ಸಿನ ಬೋರ್ಡೋ ಸೀಮೆಯ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣದ ನೀರನ್ನು ಎರಚುತ್ತಿದ್ದರು. ಆ ಬಳ್ಳಿಗಳ ಎಲೆಗಳು ಮಾತ್ರ ಹಸುರಾಗಿ ಉಳಿದುದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿದರು. ಪ್ರಯೋಗ ನಡೆಸಿ, 1885ರಲ್ಲಿ ಅದನ್ನು ಔಷಧವೆಂದು ಲೋಕಕ್ಕೆ ತಿಳಿಸಿದರು. ಬೋರ್ಡೋ ದ್ರಾವಣ ಹುಟ್ಟಿದ್ದು ಹೀಗೆ.

ನಮ್ಮ ಅಡಿಕೆಯ ಕೊಳೆರೋಗಕ್ಕೆ, ಅಂದರೆ ಮಹಾಳಿಗೆ, ಕಾರಣವಾದ ಸೂಕ್ಷ್ಮಜೀವಿಯೂ ದ್ರಾಕ್ಷಿಯ ಆ ರೋಗಾಣುವಿನ ಬಳಗದ್ದೇ. ಎರಡಕ್ಕೂ ತೇವವೇ ಆಸರೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರಲ್ಲಿ ಕೊಳೆರೋಗದ ಕುರಿತು ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಫ್ರಾನ್ಸಿನ ಬಳ್ಳಿಯ ಮದ್ದು ಅಡಿಕೆಯ ಗೊನೆಗೆ ಏರಿತು.

ಇಂದಿಗೂ ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಇನ್ನೊಮ್ಮೆ ನಾವು ಮದ್ದು ಬಿಡುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡಿದಾಗ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಅರ್ಥ. ಈ ಪರೀಕ್ಷೆಯನ್ನು ನಮಗೆ ಕಲಿಸಿದವರು ಮನೆಯ ಹಿರಿಯರು; ಕಲಿಸಿದ್ದು ಮನೆಮಾತಿನಲ್ಲಿ. ಪರದೇಶದ ವಿದ್ಯೆಯೊಂದು ‘ಮದ್ದು ಬಿಡುವುದು’ ಎಂಬ ಎರಡು ಮಾತುಗಳಲ್ಲಿ ನಮ್ಮದಾಗಿಬಿಟ್ಟಿತು.

ಈಗ ಮರವೇರುವವರು ವಿರಳವಾಗಿದ್ದಾರೆ. ನೆಲದಲ್ಲಿ ನಿಂತೇ ಮದ್ದು ಬಿಡುವ ಕಾರ್ಬನ್ ಫೈಬರಿನ ದೋಟಿ ಬಂದಿದೆ. ಎಲೆಚುಕ್ಕಿ, ಹಳದಿ ಎಲೆ ರೋಗಗಳ ಭಯ ಬೇರೆ. ಹೊಸ ರೋಗಕ್ಕೆ ಹೊಸ ತಿಳಿವಳಿಕೆ ಬೇಕು; ಆದರೆ ಅದು ನಮ್ಮ ಮಕ್ಕಳಿಗೆ ಯಾವ ಭಾಷೆಯಲ್ಲಿ ದೊರೆಯುತ್ತಿದೆ? 1956ರಿಂದ ಕೇರಳದಲ್ಲಿರುವ ನಾವು ಕನ್ನಡದ ಅಳಿವು ಉಳಿವನ್ನು ಶಾಲೆ, ಕಚೇರಿ, ಕಾವ್ಯಗಳ ಮಾತಾಗಿ ಚರ್ಚಿಸುತ್ತ ಬಂದಿದ್ದೇವೆ. ತೋಟದ ಕನ್ನಡವೂ ಆ ಚರ್ಚೆಗೆ ಸೇರಬೇಕು. ಕೃಷಿಕರ ಕೈಗೆ ಲೇಖನಿ ಕೊಡುವ ಸಂಕಲ್ಪದಿಂದ 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಅದಕ್ಕೆ ದಾರಿಯನ್ನು ತೋರಿಸಿಕೊಟ್ಟಿದೆ.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮಳೆ ಎಂದು ಹಿಡಿಯಿತು, ಮದ್ದು ಎಂದು ಬಿಟ್ಟೆವು, ಯಾವ ಮೂಲೆಯಲ್ಲಿ ಕಾಯಿ ಉದುರಿತು ಎಂಬುದನ್ನು ಪ್ರತಿ ಮನೆಯವರೂ ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಲಿ. ಬರೆಯುವ ಕೆಲಸವನ್ನು ಮಕ್ಕಳಿಗೇ ವಹಿಸೋಣ. ಮಿಲಾರ್ಡೆಯವರೂ ಮೊದಲು ಮಾಡಿದ್ದು ರಸ್ತೆ ಬದಿಯ ಎಲೆಗಳನ್ನು ಗಮನಿಸಿ ನೋಡುವ ಕೆಲಸವನ್ನೇ.