ಒಡ್ಡು ಹಿಡಿದೋ, ಒಡ್ಡು ಬಿಟ್ಟೋ?



ನಿಮ್ಮ ಮನೆಯ ಬಾಗಿಲಿನ ಅಗಲವೆಷ್ಟು ಎಂದು ಯಾರಾದರೂ ಕೇಳಿದರೆ ಏನು ಹೇಳುವಿರಿ? ಚೌಕಟ್ಟು ಸೇರಿಸಿದರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು. ಎರಡೂ ನಿಜವೇ. ಆದರೆ ಕಪಾಟನ್ನು ಒಳಗೆ ತರಬೇಕಾದವನಿಗೆ ಎರಡನೆಯದೇ ಬೇಕು. ಇಷ್ಟು ಸರಳವಾದ ಸಂಗತಿಯನ್ನು ನಾನು ಐವತ್ತು ದಾಟಿದ ಮೇಲೆ ಶಾಲಾ ಮಕ್ಕಳಿಂದ ಕಲಿಯಬೇಕಾಯಿತು.

ಕೆಲವು ವರ್ಷಗಳ ಹಿಂದೆ ಆಳಂದದ ಕಡೆಯ ಒಂದು ಶಾಲೆಯ ಹೊಣೆ ನನ್ನ ಮೇಲಿತ್ತು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳ ಮಕ್ಕಳು ಅಲ್ಲಿದ್ದರು. ಹೆಚ್ಚಿನವರು ತೊಗರಿ ಬೆಳೆಯುವ ರೈತರ ಮಕ್ಕಳು. ಅವರಲ್ಲಿ ಎಂಟು ಮಂದಿ ‘ಫಸ್ಟ್ ಲೆಗೋ ಲೀಗ್’ ಎಂಬ ರೋಬೋಟ್ ಸ್ಪರ್ಧೆಗೆ ಸಿದ್ಧರಾದರು. ಅಮೆರಿಕದ ಡೀನ್ ಕೇಮನ್ 1989ರಲ್ಲಿ ಕಟ್ಟಿದ ‘ಫಸ್ಟ್’ ಸಂಸ್ಥೆಯೂ ಲೆಗೋ ಕಂಪನಿಯೂ ಕೂಡಿ 1998ರಲ್ಲಿ ಆರಂಭಿಸಿದ ಸ್ಪರ್ಧೆಯಿದು. ಮೇಜಿನ ಮೇಲೆ ಚಿತ್ರಗಳಿರುವ ಒಂದು ಹಾಸು, ಸುತ್ತಲೂ ಮರದ ಗಿಡ್ಡ ಗೋಡೆ. ಎರಡೂವರೆ ನಿಮಿಷದಲ್ಲಿ ರೋಬೋಟ್ ತಾನಾಗಿಯೇ ಸಾಗಿ, ಸನ್ನೆಗಳನ್ನೊತ್ತಿ, ಸಾಮಾನುಗಳನ್ನು ತಲುಪಿಸಿ ಅಂಕ ಗಳಿಸಬೇಕು.

ಅಭ್ಯಾಸದ ಮೇಜಿಗೆ ಕಳುಹಿಸಿದ ವಿವರಣೆಯಲ್ಲಿ ಎಂಟಡಿ ನಾಲ್ಕಡಿ ಪ್ಲೈವುಡ್, ಅದರ ಅಂಚಿಗೆ ‘ಎರಡು–ಮೂರು’ ಇಂಚಿನ ಮರ ಎಂದಿತ್ತು. ನಮ್ಮೂರ ಬಡಿಗೇರರು ಪ್ರಾಮಾಣಿಕರು. ಸರಿಯಾಗಿ ಎರಡಿಂಚು ದಪ್ಪದ ಮರವನ್ನೇ ಕೊಯ್ದು ನಾಲ್ಕೂ ಅಂಚಿಗೆ ಬಡಿದರು. ಹಾಸನ್ನು ಹರಡಿದಾಗ ಅದು ಬಲಗಡೆಯ ಗೋಡೆಗೆ ಹತ್ತಿ ಮಡಚಿಕೊಂಡಿತು.

ಜೇವರ್ಗಿ ಕಡೆಯ ಹುಡುಗಿಯೊಬ್ಬಳು, ಮಿತಭಾಷಿ, ಟೇಪು ಹಿಡಿದು ಅಳೆದು ಬಂದಳು. “ಫಾದರ್, ಹಾಳ್ಯಾಗ ಒಳಗಿನ ಉದ್ದ 2362 ಮಿಲಿಮೀಟರ್ ಅದ. ನಮ್ಮದು 2336 ಬರ್ತದ” ಎಂದಳು.

“ಒಂದಿಂಚಿಗೆ ಏನಾಗ್ತದವ್ವಾ? ಮೊದಲು ಪ್ರೋಗ್ರಾಂ ನೋಡು” ಎಂದು ನಾನು ಗದರಿದೆ. ಅವಳು ಮತ್ತೆ ಮಾತನಾಡಲಿಲ್ಲ. ಫಾದರ್ ಹೇಳಿದ ಮೇಲೆ ಉಳಿದವರೂ ಕೇಳಲಿಲ್ಲ. ಹಾಸಿನ ಅಂಚನ್ನು ಮಡಚಿಯೇ ವಾರಗಟ್ಟಲೆ ಅಭ್ಯಾಸ ನಡೆಯಿತು.

ಸ್ಪರ್ಧೆಯ ದಿನ ನಮ್ಮ ರೋಬೋಟ್ ಕಲಿತಂತೆಯೇ ನಡೆಯಿತು. ಬಲಗಡೆಯ ಗೋಡೆಗೆ ಬೆನ್ನು ತಾಗಿಸಿ ನೇರವಾಯಿತು. ಅಲ್ಲಿಂದ ದೂರ ಎಣಿಸಿ ಹೊರಟಿತು. ಸನ್ನೆಗೆ ಒಂದಿಂಚು ಮೊದಲೇ ನಿಂತು ಗಾಳಿಯನ್ನು ಎತ್ತಿತು. ಅಲ್ಲಿಯ ಮೇಜಿನ ಗೋಡೆ ಇರಬೇಕಾದಲ್ಲಿಯೇ ಇತ್ತು. ಮಕ್ಕಳು ಮೂರು ಸಲ ಪ್ರಯತ್ನಿಸಿದರು, ಮೂರು ಸಲವೂ ಹಾಗೆಯೇ ಆಯಿತು. ಆ ಹುಡುಗಿ ನನ್ನ ಕಡೆಗೆ ತಿರುಗಿ ನೋಡಲಿಲ್ಲ. ನೋಡಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮರಳಿ ಬಂದ ಮೇಲೆ ನಾವೆಲ್ಲ ಕುಳಿತು ಲೆಕ್ಕ ಹಾಕಿದೆವು. ಅಮೆರಿಕದ ಮರದ ಅಂಗಡಿಯಲ್ಲಿ ‘ಎರಡು–ಮೂರು’ ಎನ್ನುವುದು ಬರಿಯ ಹೆಸರು. ಮರ ಒಣಗಿ, ರಂದಾ ಹೊಡೆದ ಮೇಲೆ ಉಳಿಯುವುದು ಒಂದೂವರೆ–ಎರಡೂವರೆ ಇಂಚು, ಅಂದರೆ 38–64 ಮಿಲಿಮೀಟರ್. ಎಂಟಡಿಯೆಂದರೆ 2438, ಎರಡೂ ಕಡೆಯ ಗೋಡೆಯ 76 ಕಳೆದರೆ ಸರಿಯಾಗಿ 2362! ನಾಲ್ಕಡಿಯ 1219ರಲ್ಲಿ 76 ಕಳೆದರೆ ಅಗಲದ 1143. ಒಗಟಿನಂತಿದ್ದ ಅಂಕಿಗಳೆಲ್ಲ ಒಮ್ಮೆಲೇ ಬಿಡಿಸಿಕೊಂಡವು. ನಮ್ಮ ಬಡಿಗೇರರ ಪೂರ್ತಿ ಎರಡಿಂಚು 26 ಮಿಲಿಮೀಟರನ್ನು ನುಂಗಿತ್ತು. ರೋಬೋಟಿನ ಗಾಲಿಯ ವ್ಯಾಸ 56 ಮಿಲಿಮೀಟರ್, ಒಂದು ಸುತ್ತಿಗೆ 176 ಮಿಲಿಮೀಟರ್ ಓಟ. ನಾನು “ಏನಾಗ್ತದವ್ವಾ” ಎಂದದ್ದು ಸುತ್ತಿನ ಏಳನೆಯ ಒಂದು ಭಾಗ.

ಆ ಸಂಜೆ ಎಲ್ಲರ ಮುಂದೆ ಅವಳ ಕ್ಷಮೆ ಕೇಳಿದೆ. ಅವಳು ನಾಚಿ, “ಇರ್ಲಿ ಬಿಡ್ರಿ ಫಾದರ್, ಮರ ರಂದಾ ಹೊಡಸೋಣ್ರಿ” ಎಂದಳು.

ರಜೆಗೆ ಮಗನನ್ನು ಕರೆದೊಯ್ಯಲು ಅಫಜಲಪುರದ ಕಡೆಯಿಂದ ಬಂದ ರೈತರೊಬ್ಬರು ಆ ಮೇಜನ್ನು ಕಂಡು, ನಮ್ಮ ಕಥೆ ಕೇಳಿ, ಒಂದೇ ಪ್ರಶ್ನೆ ಹಾಕಿದರು: “ಇದು ಒಡ್ಡು ಹಿಡಿದ ಅಳತೇನ್ರೀ, ಒಡ್ಡು ಬಿಟ್ಟ ಅಳತೇನ್ರೀ?” ಮೂವತ್ಮೂರಡಿ ಚೌಕ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ, ಅದನ್ನು ಶಾಲೆಯಲ್ಲಿ ನಾವೆಲ್ಲ ಕಲಿತಿದ್ದೇವೆ. ಆದರೆ ಹೊಲ ಅಳೆಯುವಾಗ ಸರಪಳಿಯನ್ನು ಎಲ್ಲಿಂದ ಎಲ್ಲಿಗೆ ಹಿಡಿಯಬೇಕೆಂಬುದನ್ನು ಮೊದಲು ಕೇಳಬೇಕೆಂದು ಅವರಿಗೆ ಅನುಭವ ಕಲಿಸಿತ್ತು.

ಯೆಜೆಕಿಯೇಲನ ಗ್ರಂಥದ 40ನೆಯ ಅಧ್ಯಾಯದಲ್ಲಿ ದೇವಾಲಯವನ್ನು ಅಳೆಯುವ ಕೋಲಿನ ಮಾತು ಬರುತ್ತದೆ. ಅದು ಆರು ಮೊಳದ್ದೆಂದು ಹೇಳಿ ಸುಮ್ಮನಾಗದೆ, ಒಂದೊಂದು ಮೊಳವೂ ಸಾಧಾರಣ ಮೊಳಕ್ಕಿಂತ ಅಂಗೈಯಗಲ ಹೆಚ್ಚೆಂದು ಅಲ್ಲಿ ವಿವರಿಸಲಾಗಿದೆ. ಎಷ್ಟೋ ವರ್ಷ ಆ ಸಾಲನ್ನು ಒಣ ವಿವರವೆಂದು ದಾಟಿಹೋಗಿದ್ದೆ. ಯಾವ ಮೊಳವೆಂದು ಹೇಳದ ಅಳತೆ ಅರ್ಧ ಅಳತೆಯೇ ಎಂದು ಈಗ ಅರ್ಥವಾಗಿದೆ.

ಮರುವರ್ಷ ಮಕ್ಕಳು ಇನ್ನೊಂದನ್ನೂ ಕಲಿತರು. ಸ್ಪರ್ಧೆಯ ನಿಯಮಗಳೇ ಎಚ್ಚರಿಸುತ್ತವೆ: ಮೇಜುಗಳನ್ನು ಒಂದೇ ತೆರನಾಗಿ ಕಟ್ಟಲು ಎಷ್ಟು ಶ್ರಮಿಸಿದರೂ ಗೋಡೆಯಲ್ಲಿ ದೋಷ, ಹಾಸಿನಲ್ಲಿ ಸುಕ್ಕು, ಬೆಳಕಿನಲ್ಲಿ ವ್ಯತ್ಯಾಸ ಇದ್ದೇ ಇರುತ್ತವೆ. ಆದ್ದರಿಂದ ಮೇಜನ್ನು ಮಿಲಿಮೀಟರಿಗೆ ಸರಿಯಾಗಿ ಕಟ್ಟಿದೆವು. ರೋಬೋಟನ್ನು ಮಾತ್ರ ಬರಿಯ ಎಣಿಕೆಯನ್ನು ನಂಬದೆ, ಹಾಸಿನ ಕಪ್ಪು ಗೆರೆಯನ್ನು ಕಂಡಲ್ಲಿ ತನ್ನ ಸ್ಥಾನವನ್ನು ತಿದ್ದಿಕೊಳ್ಳುವಂತೆ ಸಿದ್ಧಪಡಿಸಿದೆವು. ಬಹುಮಾನ ಬರಲಿಲ್ಲ. ಆದರೆ ಸನ್ನೆ ಮೇಲೆದ್ದಿತು. ಆ ಹುಡುಗಿ ಈ ಸಲ ತಿರುಗಿ ನೋಡಿ ನಕ್ಕಳು.

ಈಗ ಅಣ್ಣತಮ್ಮಂದಿರು ಜಗಳ ಹೊತ್ತು ನನ್ನ ಬಳಿಗೆ ಬಂದಾಗ ತೀರ್ಪು ಹೇಳಲು ಅವಸರಪಡುವುದಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿರಲಾರರು. ಒಬ್ಬನದು ಒಡ್ಡು ಹಿಡಿದ ಲೆಕ್ಕ, ಇನ್ನೊಬ್ಬನದು ಒಡ್ಡು ಬಿಟ್ಟ ಲೆಕ್ಕ ಇರಬಹುದು. ನಿಮ್ಮ ಮನೆಯಲ್ಲಿಯೂ ಚಿಕ್ಕವರು ಟೇಪು ಹಿಡಿದು ಬಂದಾರು. ಗದರುವ ಮುನ್ನ ಒಮ್ಮೆ ಅಳೆದು ನೋಡಿ.